ಎರಡನೇ ತುಂಡು

ಆ ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಿದರೂ ಏನೂ ಆಗುವುದಿಲ್ಲ ಬಿಡಿ, ಇವತ್ತಿಗೂ ಶನಿವಾರ, ಭಾನುವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೈವೇ ಪಕ್ಕದಲ್ಲಿದೆ. ಗಾಜಿನ ಗೋಡೆ, ಬಿದಿರು ಬುಟ್ಟಿ ಕವುಚಿದ ದೀಪಗಳು, ಪ್ಲಾಸ್ಟಿಕ್ ಬಳ್ಳಿ, ಹೊರಗೆ ಆಳೆತ್ತರದ ಹಸಿರು ಬೋರ್ಡಿನಲ್ಲಿ ‘ಶುದ್ಧ ಸಸ್ಯಾಹಾರಿ’ ಎಂಬ ಅಕ್ಷರ. ಆ ಬೋರ್ಡು ನೋಡಿ ನಮ್ಮತ್ತೆಯನ್ನು ಒಳಗೆ ಕರೆದುಕೊಂಡು ಹೋದವನು ನಾನು.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಯಲ್ದೂರಿನ ಹತ್ತಿರದ ಹಳ್ಳಿಯವರು. ಭಾನುವಾರ ಮಟನ್ ಸಾರು, ಮುದ್ದೆ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಭಾನುವಾರವೇ ಅಲ್ಲ. ಮೂಳೆ ಚೀಪುವಾಗ ಯಾರಾದರೂ ಮಾತಾಡಿಸಿದರೆ, ಎಡಗೈ ಎತ್ತಿ ‘ಇರು’ ಎಂದು ತೋರಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅಂಥವರು ಮಾಂಸ ಬಿಟ್ಟರು. ನನ್ನ ಹೆಂಡತಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಗಿತ್ತು. ಮೂರನೇ ಸಲ ನಿಂತಾಗ ಅತ್ತೆ ಯಾರನ್ನೂ ಕೇಳದೆ ಮುಳಬಾಗಿಲಿಗೆ ಹೋಗಿ ಆಂಜನೇಯನ ಮುಂದೆ ಹರಕೆ ಹೊತ್ತು ಬಂದರು. ಮಗು ಹುಟ್ಟಿ, ಅದರ ಮುಡಿ ಕೊಡುವವರೆಗೆ ತಾನು ಮಾಂಸ ಮುಟ್ಟುವುದಿಲ್ಲ ಎಂದು.

ಆದರೆ ಅಡುಗೆ ಬಿಡಲಿಲ್ಲ. ನಾವು ಮಾಲೂರಿನಿಂದ ಊರಿಗೆ ಹೋದಾಗಲೆಲ್ಲ ಅಳಿಯನಿಗೆ ಮಟನ್ ಸಾರು ಆಗಲೇಬೇಕು. ರುಚಿ ನೋಡುವಂತಿಲ್ಲವಲ್ಲ, ಕುದಿಯುವ ಸಾರನ್ನು ಸೌಟಿನಲ್ಲಿ ಹಿಡಿದು ಹಜಾರಕ್ಕೇ ಬರುತ್ತಿದ್ದರು.

“ಉಪ್ಪು ನೋಡಪ್ಪಾ, ಸರಿಯಾಗಿದ್ಯಾ?”

ನಾನು ಅಂಗೈ ಚಾಚಿ ನೆಕ್ಕಿ, “ಸರಿಯಾಗಿದೆ ಅತ್ತೆ” ಎನ್ನುತ್ತಿದ್ದೆ. ಅವರು ನನ್ನ ಬಾಯನ್ನೇ ನೋಡುತ್ತಾ ನಿಂತಿರುತ್ತಿದ್ದರು. ಆಮೇಲೆ ನಾವೆಲ್ಲ ಉಣ್ಣುವಾಗ ತಾವು ಉಪ್ಪಿನಕಾಯಿ ನಂಚಿಕೊಂಡು ಮುದ್ದೆ ನುಂಗುತ್ತಿದ್ದರು. ಥೂ, ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಇಳಿಯುತ್ತಿತ್ತು, ಆದರೆ ನಾಚಿಕೆಯಾಗುತ್ತಿತ್ತು.

ಹಾಗಿರುವಾಗ ನಾನು ಕೆಲಸ ಮಾಡುವ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಲಕ್ಕೂರಿನ ಕಡೆಯವನೊಬ್ಬ ಈ ಹೋಟೆಲಿನ ವಿಷಯ ತೆಗೆದ. “ಸೋಯಾದಲ್ಲಿ ಮಾಡ್ತಾರೆ ಕಣೋ. ಕಣ್ಣು ಮುಚ್ಕೊಂಡು ತಿಂದ್ರೆ ಮಟನ್ನೇ. ನಮ್ಮಪ್ಪಂಗೇ ಗೊತ್ತಾಗಲಿಲ್ಲ” ಎಂದ. ನನಗೆ ತಕ್ಷಣ ಅತ್ತೆಯ ಮುಖ ನೆನಪಾಯಿತು. ಹರಕೆಯೂ ಮುರಿಯಬಾರದು, ಬಾಯಿಗೂ ರುಚಿ ಸಿಗಬೇಕು. ಇದಕ್ಕಿಂತ ಬೇರೆ ಏನು ಬೇಕು? ಮೊದಲೇ ಹೇಳಿದರೆ ಮಜಾ ಇರುವುದಿಲ್ಲ, ತಿಂದಾದ ಮೇಲೆ ಹೇಳೋಣ ಎಂದುಕೊಂಡೆ. ಅತಿ ಬುದ್ಧಿವಂತಿಕೆ ನನ್ನದು.

ಏಳನೇ ತಿಂಗಳಿನಲ್ಲಿ ಒಂದು ಶನಿವಾರ ಮೂವರೂ ಮುಳಬಾಗಿಲಿಗೆ ಹೋಗಿ, ದೇವರ ದರ್ಶನ ಮುಗಿಸಿಕೊಂಡು ಆ ಹೋಟೆಲಿಗೆ ಬಂದೆವು. ಬಾಗಿಲಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ ಹುಡುಗಿ ಬುಕ್ಕಿಂಗ್ ಇದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇರಲಿಲ್ಲ. ಒಳಗೆ ನಾಲ್ಕೈದು ಟೇಬಲ್ ಖಾಲಿ ಇದ್ದರೂ ನಮ್ಮನ್ನು ಸೋಫಾದಲ್ಲಿ ಕೂರಿಸಿದಳು. ಆ ಸೋಫಾವೋ, ನೆಲಕ್ಕೆ ಅಂಟಿಕೊಂಡಂತಿತ್ತು. ಬಸುರಿ ಹೆಂಡತಿಯನ್ನು ಅದರಿಂದ ಎಬ್ಬಿಸಲು ನಾನೂ ಅತ್ತೆಯೂ ಎರಡೂ ಕಡೆ ಹಿಡಿದು ಎಳೆಯಬೇಕಾಯಿತು. ಅರ್ಧ ಗಂಟೆಯಾದರೂ ಒಂದು ಲೋಟ ನೀರು ಬರಲಿಲ್ಲ. ಅತ್ತೆ ಮಾತ್ರ ಖುಷಿಯಾಗಿದ್ದರು. ಮಗಳ ಹೊಟ್ಟೆಯ ಮೇಲೆ ಕೈ ಇಟ್ಟು, “ಏಮ್ರಾ ಬಂಗಾರೂ, ತಿನ್ನಾವಾ?” ಎಂದು ತೆಲುಗಿನಲ್ಲಿ ಮಗುವಿನ ಊಟ ವಿಚಾರಿಸುತ್ತಿದ್ದರು. ದಿನಕ್ಕೆ ಹತ್ತು ಸಲ ಅದೇ ಅವರ ಕೆಲಸ.

ಟೇಬಲ್ ಸಿಕ್ಕ ಮೇಲೆ ಮೆನು ಕಾರ್ಡಿಲ್ಲ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಎಂದರು. ಅದು ತೆರೆಯುವಷ್ಟರಲ್ಲಿ ಹಸಿವೇ ಸತ್ತಿತ್ತು. ಸರ್ವರ್‌ಗೆ ಕನ್ನಡ ಸರಿಯಾಗಿ ಬರದು, ತೆಲುಗಂತೂ ಬರದೇ ಬರದು. ರಾಗಿ ಮುದ್ದೆ ಹೇಳಿದರೆ, ನಿಂಬೆಹಣ್ಣಿನಷ್ಟು ಗಾತ್ರದ ಮೂರು ಉಂಡೆ ಬಂದವು, ಪಕ್ಕದಲ್ಲಿ ಫೋರ್ಕು. ಅತ್ತೆ ಫೋರ್ಕನ್ನು ಎತ್ತಿ ನೋಡಿ, “ಇದನ್ನ ಚುಚ್ಚಿ ತಿನ್ನೋ ಸ್ಥಿತಿ ಬಂತಾ ಮುದ್ದೆಗೆ?” ಎಂದು ನಕ್ಕರು. ಅವರು ನಕ್ಕಿದ್ದು ಆವತ್ತಿಗೆ ಅದೇ ಕೊನೆ.

ಆಮೇಲೆ ಆ ತಟ್ಟೆ ಬಂತು. ಗಾಜಿನ ಮುಚ್ಚಳ ತೆಗೆದರೆ ಹೊಗೆ, ಹೊಗೆಯೊಳಗೆ ಕಂದು ಮಸಾಲೆಯಲ್ಲಿ ಆರು ತುಂಡುಗಳು. ಅತ್ತೆ ಒಂದು ತುಂಡನ್ನು ಬಾಯಿಗಿಟ್ಟರು. ಅಗಿಯುತ್ತಾ ನಿಂತುಬಿಟ್ಟಿತು ದವಡೆ. ಕಣ್ಣು ಮುಚ್ಚಿದರು. ನಾನು ಮೇಜಿನ ಕೆಳಗೆ ಹೆಂಡತಿಯ ಕಾಲನ್ನು ಒತ್ತಿದೆ, ನೋಡು ನೋಡು ಅಂತ. ಅತ್ತೆ ಮಾತಿಲ್ಲದೆ ಎರಡನೆಯದನ್ನು ತೆಗೆದುಕೊಂಡರು. ಅದನ್ನು ಕಚ್ಚಿದಾಗ ಹಲ್ಲಿಗೆ ಏನೋ ಗಟ್ಟಿಯಾಗಿ ತಾಕಿತು. ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಬೆರಳಿನುದ್ದದ ಕಡ್ಡಿ. ಮೂಳೆಯ ಹಾಗೆ ಕಾಣಲೆಂದು ತುದಿ ಕೆತ್ತಿ, ಕೆಲವು ತುಂಡುಗಳೊಳಗೆ ಸಿಕ್ಕಿಸಿ, ಮಸಾಲೆಯಲ್ಲಿ ಬೇಯಿಸಿದ್ದರು.

“ಏನಪ್ಪಾ ಇದು? ಮೂಳೆ.”

“ಮೂಳೆ ಅಲ್ಲ ಅತ್ತೆ, ಕಡ್ಡಿ. ಇದು ಸೋಯಾ...” ಎಂದು ನಾನು ಶುರು ಮಾಡುವಷ್ಟರಲ್ಲಿ ಸರ್ವರ್ ಹತ್ತಿರ ಬಂದು, ಬಲು ಹೆಮ್ಮೆಯಿಂದ “ವೆಜ್ ಮಟನ್ ಮೇಡಂ! ಟೇಸ್ಟ್ ಸೇಮ್ ಮಟನ್!” ಎಂದ.

ಅತ್ತೆ ಕಡ್ಡಿಯನ್ನು ತಟ್ಟೆಗೆ ಹಾಕಿದರು. “ಮಟನ್ ಅಂದ್ಮೇಲೆ ವೆಜ್ ಎಂಗಾಗುತ್ತೆ? ಅಯ್ಯೋ ಸ್ವಾಮಿ, ಈಗ ತಾನೆ ನಿನ್ ಮುಂದೆ ನಿಂತು ಬಂದ್ನಲ್ಲಪ್ಪಾ...” ಎಂದು ಬಾಯಿಗೆ ಸೆರಗು ಒತ್ತಿಕೊಂಡರು.

ನಾನು ಸೋಯಾ ಎಂದೆ. ಹೆಂಡತಿ ಸೋಯಾ ಎಂದಳು. ಮ್ಯಾನೇಜರನ್ನು ಕರೆಸಿದೆ. ಅವನು ಕನ್ನಡದವನೇ, ಕೋಟು ಹಾಕಿಕೊಂಡು ಬಂದು, ಏನು ತೊಂದರೆ ಎಂದು ಕೇಳುವ ಮೊದಲೇ ಸಾರಿ ಹೇಳಿದ. ವಿಷಯ ತಿಳಿದ ಮೇಲೆ ಅವನ ಮುಖ ಅರಳಿತು. “ಅದೇ ನಮ್ ಸ್ಪೆಷಲ್ ಅಮ್ಮ. ಎಲ್ರೂ ಅಂಗೇ ಮೋಸ ಹೋಗ್ತಾರೆ. ಮೊನ್ನೆ ಒಬ್ರು, ಒಳಗೆ ಕುರಿ ಕಟ್ಟಿದ್ದೀರಾ ಅಂತ ಕೇಳಿದ್ರು!”

ಅಯ್ಯೋ ಪುಣ್ಯಾತ್ಮ, ಬಾಯಿ ಮುಚ್ಚಪ್ಪ ಎನಿಸಿತು.

ಅತ್ತೆ ಎದ್ದು ನಿಂತು ಅವನಿಗೆ ಕೈ ಮುಗಿದರು. “ಒಂದೇ ಒಂದ್ಸಲ ಒಳಗೆ ಬಿಡಪ್ಪ. ಮಾಡಿದ ಪಾತ್ರೆ ನೋಡ್ತೀನಿ, ಬೇಯಿಸಕ್ಕೆ ಮುಂಚೆ ಎಂಗಿರುತ್ತೆ ಅಂತ ನೋಡ್ತೀನಿ. ನನ್ ಕಣ್ಣಲ್ಲಿ ನೋಡಿದ್ರೆ ಸಾಕು. ಮಗಳು ಬಸುರಿ, ಹರಕೆ ಹೊತ್ತಿದೀನಿ.”

“ಗೆಸ್ಟ್‌ಗಳನ್ನ ಕಿಚನ್‌ಗೆ ಬಿಡಕ್ಕಾಗಲ್ಲಮ್ಮ. ರೂಲ್ಸು.”

“ಹಾಗಾದ್ರೆ ಅಡುಗೆಯವರನ್ನಾದರೂ ಹೊರಗೆ ಕಳಿಸಿ, ಬೇಯಿಸದೇ ಇರೋ ತುಂಡು ಒಂದು ತಂದು ತೋರಿಸ್ಲಿ” ಎಂದೆ ನಾನು. ಅದಕ್ಕೂ ರೂಲ್ಸು. ನನ್ನ ತಲೆ ಕೆಟ್ಟಿತು, ಗಂಟಲು ಏರಿತು. ಹಾಗೆ ಏರಿದ್ದೇ ತಡ, ಸುತ್ತಲಿನ ನಾಲ್ಕೈದು ಮೇಜುಗಳಲ್ಲಿ ಫೋನುಗಳು ಎದ್ದು ನಮ್ಮ ಕಡೆ ತಿರುಗಿದವು. ಹೆಂಡತಿ ಅಳಲು ಶುರು ಮಾಡಿದಳು. ಮ್ಯಾನೇಜರ್ ನಮ್ಮ ಮೇಜಿಗೆ ಪುಕ್ಕಟೆಯಾಗಿ ಒಂದು ಚಾಕೊಲೇಟ್ ಕೇಕು ಕಳಿಸಿದ. ಅದರ ಮೇಲೆ ಐಸ್‌ಕ್ರೀಮು ಬೇರೆ. ಅದು ಅಲ್ಲೇ ಕರಗುತ್ತಾ ಕೂತಿತ್ತು.

ಬಾಯಿ ತೊಳೆಯಲು ಅತ್ತೆಯನ್ನು ಕರೆದುಕೊಂಡು ಹೋದೆ. ಅಲ್ಲಿನ ನಲ್ಲಿಗೆ ತಿರುಪೇ ಇಲ್ಲ, ಕೈ ಒಡ್ಡಿದರೆ ತಾನೇ ನೀರು ಬಿಡುವಂಥದ್ದು. ಅತ್ತೆಯ ಕೈಗೆ ಅದು ಬಿಡಲೇ ಇಲ್ಲ. ಅವರು ಒಡ್ಡುತ್ತಾರೆ, ಅದು ಸುಮ್ಮನಿರುತ್ತದೆ. “ನೋಡಪ್ಪಾ, ನೀರೂ ಬರ್ತಿಲ್ಲ” ಎಂದು ನನ್ನ ಕಡೆ ತಿರುಗಿದರು. ನಾನು ಕೈ ಒಡ್ಡಿ ಹಿಡಿದುಕೊಂಡೆ. ನನ್ನ ಬೊಗಸೆಯಿಂದ ನೀರು ತೆಗೆದುಕೊಂಡು ಎಷ್ಟೋ ಸಲ ಬಾಯಿ ಮುಕ್ಕಳಿಸಿದರು. ಹೊರಡುವಾಗ ಸರ್ವರ್ ಒಂದು ಟ್ಯಾಬ್ ಹಿಡಿದು ಬಂದ. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ, ಯಾವುದನ್ನಾದರೂ ಒತ್ತಬೇಕಂತೆ. ನಾನು ಅಳುವ ಮುಖ ಒತ್ತಿದೆ. ‘ಧನ್ಯವಾದ, ಮತ್ತೆ ಬನ್ನಿ’ ಎಂದಿತು.

ಮತ್ತೆ ದೇವಸ್ಥಾನಕ್ಕೆ ಹೋಗೋಣ ಎಂದರು ಅತ್ತೆ. ಹೋದಾಗ ಮಧ್ಯಾಹ್ನಕ್ಕೆ ಬಾಗಿಲು ಹಾಕಿತ್ತು. ಮುಚ್ಚಿದ ಬಾಗಿಲಿನ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡು ಬಂದರು.

ಮಾಲೂರಿಗೆ ಬಂದವನೇ ಫೋನಿನಲ್ಲಿ ಆ ಹೋಟೆಲಿಗೆ ಒಂದು ನಕ್ಷತ್ರ ಕೊಟ್ಟು, ನಡೆದದ್ದನ್ನೆಲ್ಲ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. ‘ನಮ್ಮ ಖಾದ್ಯದ ಅಪ್ಪಟ ರುಚಿಯನ್ನು ನಿಮ್ಮ ಕುಟುಂಬ ಗುರುತಿಸಿದ್ದು ನಮಗೆ ಸಂತೋಷ ತಂದಿದೆ.’ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮುಂದಿನ ಭಾನುವಾರ ಅಂಗಡಿಯಿಂದ ಸೋಯಾ ತಂದು, ಅತ್ತೆಯ ಒಲೆಯ ಮೇಲೆ ಅವರ ಕಣ್ಣೆದುರೇ ನೆನೆಸಿ, ಹಿಂಡಿ, ಮಸಾಲೆ ಹಾಕಿ ಬೇಯಿಸಿ ತೋರಿಸಿದೆ. ಕೂತು ಪೂರ್ತಿ ನೋಡಿದರು. “ಆಯ್ತಪ್ಪಾ, ಸೋಯಾನೇ. ಗೊತ್ತಾಯ್ತು” ಎಂದರು. ಒಂದು ತುಂಡೂ ತಿನ್ನಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಗಳ ಹೊಟ್ಟೆಯ ಮೇಲೆ ಕೈ ಇಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಮಗುವಿನ ಊಟ ವಿಚಾರಿಸುವುದೂ ನಿಂತಿತ್ತು. “ಅಮ್ಮ ಯಾಕೆ ನನ್ನ ಹತ್ರ ಕೂರಲ್ಲ?” ಎಂದು ಹೆಂಡತಿ ನನ್ನನ್ನು ಕೇಳುವಳು. ಸ್ಕ್ಯಾನಿಂಗಿಗೆ ಹೋದಾಗಲೆಲ್ಲ ಅತ್ತೆ ಹೊರಗೇ ನಿಂತಿರುತ್ತಿದ್ದರು. ಡಾಕ್ಟರು ಎಲ್ಲ ಸರಿಯಿದೆ ಎಂದರೂ ಆ ಹೆದರಿಕೆ ಅವರ ಮುಖದಿಂದ ಹೋಗುತ್ತಿರಲಿಲ್ಲ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಗುಂಡುಗುಂಡಗೆ ಚೆನ್ನಾಗಿಯೇ ಹುಟ್ಟಿತು. ಸದ್ಯ, ಎಲ್ಲ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಮಗುವಿನ ಹನ್ನೊಂದನೇ ತಿಂಗಳಲ್ಲಿ, ಒಂದು ಶನಿವಾರ ಮುಳಬಾಗಿಲಿಗೆ ಹೋಗಿ ಮುಡಿ ಕೊಟ್ಟು, ಅದರ ನುಣ್ಣನೆ ತಲೆಗೆ ಗಂಧ ಬಳಿಸಿಕೊಂಡು ಊರಿಗೆ ಬಂದೆವು. ಮರುದಿನ ಭಾನುವಾರ. ಹರಕೆ ತೀರಿತ್ತು. ಅತ್ತೆ ಬೆಳಿಗ್ಗೆಯಿಂದ ಒಲೆಯ ಮುಂದೆ. ಮಧ್ಯಾಹ್ನ ನಾನೇ ಅವರನ್ನು ಕೂರಿಸಿ, ತಟ್ಟೆಗೆ ಮುದ್ದೆ ಹಾಕಿ, ಒಳ್ಳೆಯ ತುಂಡುಗಳನ್ನು ಆರಿಸಿ ಬಡಿಸಿದೆ.

“ಬೇಡಪ್ಪಾ” ಎಂದರು. “ಇನ್ನು ನಾನು ತಿನ್ನಲ್ಲ.”

“ಅತ್ತೆ, ಅವತ್ತು ಹೋಟ್ಲಲ್ಲಿ ತಿಂದಿದ್ದು ಸೋಯಾ. ಎಷ್ಟು ಸಲ ಹೇಳ್ಲಿ ನಿಮಗೆ? ನಿಮ್ ಕಣ್ಣಾರೆ ನೋಡಿದ್ದೀರಿ.”

“ಅದು ಸೋಯಾನೇ ಕಣಪ್ಪಾ. ನಾನು ಇಲ್ಲ ಅಂತಿಲ್ಲ.” ತಟ್ಟೆಯನ್ನೇ ನೋಡುತ್ತಾ ಹೇಳಿದರು. “ಮೊದಲ್ನೇ ತುಂಡು ಬಾಯಿಗಿಟ್ಟಾಗ್ಲೇ ಮಟನ್ನು ಅನ್ನಿಸ್ತು ನಂಗೆ. ಉಗೀಬೇಕಾಗಿತ್ತು. ಉಗೀಲಿಲ್ಲ. ಅಷ್ಟು ದಿನ ಆಗಿತ್ತಲ್ಲ, ಬಾಯಿ ಕೇಳ್ಲಿಲ್ಲ. ಮಟನ್ನೇ ಅಂದ್ಕೊಂಡು ಎರಡ್ನೇದು ನಾನಾಗೇ ತಗೊಂಡೆ. ಮಗಳು ಎದುರಿಗೇ ಹೊಟ್ಟೆ ಇಟ್ಕೊಂಡು ಕೂತಿದ್ಲು. ಆ ಕೈಯನ್ನ ಆಮೇಲೆ ಮಗೂ ಮೇಲೆ ಎಂಗಿಡ್ಲಿ?”

ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ಇದಕ್ಕೆ ಯಾವ ಮ್ಯಾನೇಜರನ್ನು ಕರೆಯಲಿ, ಯಾವ ಅಡುಗೆಮನೆ ತೆರೆಸಿ ತೋರಿಸಲಿ?

ಅಷ್ಟರಲ್ಲಿ ಮಗು ಅಂಬೆಗಾಲಿಟ್ಟು ಬಂದು ಅಜ್ಜಿಯ ತೊಡೆ ಹಿಡಿದು ನಿಂತಿತು. ತಟ್ಟೆಗೆ ಕೈ ಹಾಕಿ ಒಂದು ತುಂಡು ಎತ್ತಿ, ನಾವು ತನಗೆ ಉಣಿಸುವಾಗ ಮಾಡುವಂತೆಯೇ ತಾನೂ ಬಾಯಿ ಅಗಲಿಸಿ, “ಆ...” ಎನ್ನುತ್ತಾ ಅಜ್ಜಿಯ ತುಟಿಗೆ ಹಿಡಿಯಿತು. ಆ ಮಗು ಏನು ಕೊಟ್ಟರೂ ಬೇಡ ಎನ್ನದ ಅತ್ತೆ, ತುಟಿ ಬಿಗಿದು ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಮಗು ಬಿಡಲಿಲ್ಲ. ಮತ್ತೆ ಹಿಡಿಯಿತು. ಮತ್ತೆ ತಿರುಗಿಸಿದರು. ಸಾರು ಅವರ ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಮಗು ಅಳಲು ಶುರು ಮಾಡಿತು. ಹೆಂಡತಿ ನನ್ನ ಮುಖ ನೋಡಿದಳು.

ಏನು ಮಾಡುವುದೆಂದು ತೋಚದೆ ನಾನು ಬಗ್ಗಿ, ಮಗುವಿನ ಕೈಯಲ್ಲಿದ್ದ ಆ ತುಂಡನ್ನು ನನ್ನ ಬಾಯಿಗೆ ಹಾಕಿಕೊಂಡೆ.

ಅತ್ತೆ ಸೆರಗಿನಲ್ಲಿ ಗಲ್ಲ ಒರೆಸಿಕೊಳ್ಳುತ್ತಾ ನಾನು ಅಗಿಯುವುದನ್ನೇ ನೋಡುತ್ತಿದ್ದರು.

“ಉಪ್ಪು ಸರಿಯಾಗಿದ್ಯಾಪ್ಪಾ?” ಎಂದು ಕೇಳಿದರು.

“ಸರಿಯಾಗಿದೆ ಅತ್ತೆ” ಎಂದೆ.