ಬಿಕ್ಕಳಿಕೆ ಕೇಳಿಸಿಕೊಂಡ ಮರಳಣ್ಣ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ಮಣ್ಣಿನ ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ನಿಂತ ಸಣಕಲು ಮನುಷ್ಯ ಕ್ಯಾನ್ವಾಸ್ ಬಟ್ಟೆಯ ತೋಳಿಲ್ಲದ ಅಂಗಿಯೊಂದನ್ನು ಎರಡೂ ಕೈಯಿಂದ ಎತ್ತಿ ಹೆಗಲಿಗೇರಿಸಿಕೊಳ್ಳುತ್ತಾರೆ. ಅಂಗಿಯ ಎದೆಗೂ ಬೆನ್ನಿಗೂ ಸಾಲುಸಾಲು ಜೇಬುಗಳು. ಪ್ರತಿ ಜೇಬಿನಲ್ಲೂ ಮರಳು ತುಂಬಿ ಬಾಯಿ ಹೊಲಿದಿದೆ. ಒಟ್ಟು ಇಪ್ಪತ್ತಮೂರು ಕಿಲೊ. ಪಟ್ಟಿ ಬಿಗಿದು, ನಿಂತಲ್ಲೇ ಎರಡು ಸಲ ಕುಪ್ಪಳಿಸಿ ನೋಡಿ, ಮೆಕ್ಯಾನಿಕ್ ಕಡೆ ತಿರುಗುತ್ತಾರೆ.

“ಪೆಟ್ರೋಲ್ ಹಾಕ್ಬೇಡಪ್ಪ. ನಿನ್ನೆ ಉಳಿದಿದ್ದೇ ಸಾಕು.”

ಕ್ಯಾನು ಹಿಡಿದ ಮೆಕ್ಯಾನಿಕ್ ಅಲ್ಲೇ ನಿಲ್ಲುತ್ತಾನೆ. ಎಂಜಿನಿನ ಏರಿಳಿತ ದಾಖಲಿಸುವ ಮೀಟರ್ ಕಟ್ಟಿ ಓಡಿಸುವಾಗ ಪ್ರತಿ ಸುತ್ತಿಗೂ ಟ್ಯಾಂಕು ತುಂಬಿರಬೇಕು ಎನ್ನುವುದು ಇಲ್ಲಿನ ನಿಯಮ. ಎಲ್ಲ ಸುತ್ತಿನಲ್ಲೂ ಬೈಕಿನ ತೂಕ ಒಂದೇ ಇದ್ದರೆ ಮಾತ್ರ ಲೆಕ್ಕ ಹೋಲಿಸಬಹುದು. ಅವನು ಎಂಜಿನಿಯರ್ ಮುಖ ನೋಡುತ್ತಾನೆ. ಬೈಕಿಗೆ ಮೀಟರಿನ ಡಬ್ಬಿ ಕಟ್ಟುತ್ತಿದ್ದ ಆಕೆ ತಲೆ ಎತ್ತದೆ, ಆಗಲಿ ಎಂಬಂತೆ ಕೈಯಾಡಿಸುತ್ತಾರೆ.

ಮರಳಿನ ಅಂಗಿ ತೊಟ್ಟ ಇವರು ಬೈಕ್ ತಯಾರಿಸುವ ಕಂಪನಿಯ ಪರೀಕ್ಷಾ ಸವಾರರು. ವಯಸ್ಸು ನಲವತ್ತಾರು. ಇಲ್ಲಿ ಎಲ್ಲರಿಗೂ ಮರಳಣ್ಣ. ಗೇಟಿನ ಕಾವಲುಗಾರ ಹಾಜರಿ ಪುಸ್ತಕದಲ್ಲೂ ಹಾಗೇ ಬರೆದುಕೊಂಡಿದ್ದಾನೆ. ಮಣ್ಣಿನ ದಿಬ್ಬಗಳ ಮೇಲಿಂದ ಹಾರಿ ಓಡುವ ಮೋಟೊಕ್ರಾಸ್ ರೇಸಿನ ಬೈಕುಗಳು ಸ್ಪರ್ಧಿಗಳ ಕೈಸೇರುವ ಮೊದಲು ಇವರ ಕೈ ದಾಟಬೇಕು. ದಿನಕ್ಕೆ ಇಪ್ಪತ್ತನಾಲ್ಕು ಸುತ್ತು, ಸುತ್ತಿಗೆ ಹನ್ನೊಂದು ಹಾರುದಿಬ್ಬ. ಹತ್ತೊಂಬತ್ತು ವರ್ಷಗಳಲ್ಲಿ ನಾಲ್ಕು ಮೂಳೆ ಮುರಿದಿವೆ. ಎಡಗೈ ಕಿರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಗೆದ್ದವರ ಫೋಟೊಗಳು ಕಚೇರಿಯ ಗೋಡೆ ತುಂಬ ಇವೆ. ಒಂದರಲ್ಲೂ ಇವರಿಲ್ಲ.

ಈಗ ಶೆಡ್ಡಿನಲ್ಲಿ ನಿಂತಿರುವುದು ಹೋದ ವರ್ಷದ ಫೋರ್-ಸ್ಟ್ರೋಕ್ ಬೈಕಿನ ಪರಿಷ್ಕೃತ ರೂಪ. ಎಂಜಿನ್ ಹೆಚ್ಚುಕಡಿಮೆ ಅದೇ. ಚೌಕಟ್ಟನ್ನು ತೆಳುವಾಗಿಸಿ, ಟ್ಯಾಂಕಿನ ತಳವನ್ನು ಅಗಲ ಮಾಡಿ ಕೆಳಗಿಳಿಸಿ, ಒಟ್ಟಾರೆ ಎರಡೂವರೆ ಕಿಲೊ ಇಳಿಸಿದ್ದಾರೆ. ಅದಕ್ಕೆ ಒಂದು ವರ್ಷ ಹಿಡಿದಿದೆ. ತಿರುವಿನಲ್ಲಿ ಹೇಳಿದ ಕಡೆ ವಾಲುತ್ತದೆ, ದಿಬ್ಬದ ತುದಿಯಲ್ಲಿ ಮೂಗು ಎತ್ತುವುದಿಲ್ಲ ಎಂದು ಮರಳಣ್ಣನ ನೋಟ್‌ಬುಕ್ಕಿನಲ್ಲಿದೆ. “ಹಳೇದನ್ನ ಓಡಿಸಿ ಇಳಿದ್ರೆ ಭುಜ ಬಿದ್ದುಹೋಗೋದು. ಇದು ಹಾಗಲ್ಲ, ನಮ್ಮ ಮಾತು ಕೇಳುತ್ತೆ,” ಎನ್ನುತ್ತಾರೆ.

ಆದರೆ ಮಂಗಳವಾರದ ಪುಟದಲ್ಲಿ ಒಂದೇ ಸಾಲು: ‘ಏಳನೇ ದಿಬ್ಬ ಇಳಿದಾಗ ಬಿಕ್ಕಳಿಸಿತು.’

ಹೆಲ್ಮೆಟ್ ತೆಗೆದ ಮೇಲೆ ಹತ್ತು ನಿಮಿಷ ಮರಳಣ್ಣ ಯಾರೊಡನೆಯೂ ಮಾತಾಡುವುದಿಲ್ಲ. ಶೆಡ್ಡಿನ ಹಿಂದಿನ ಕಟ್ಟೆಯ ಮೇಲೆ ಕೂತು ಮೊದಲು ಬರೆಯುತ್ತಾರೆ. ಮಾತಾಡಿದರೆ ಬೈಕು ಹೇಳಿದ್ದು ಅಳಿಸಿಹೋಗುತ್ತದಂತೆ. ಮಂಗಳವಾರವೂ ಹಾಗೇ ಬರೆದರು. ಬೆಳಗಿನ ಮೊದಲ ಸುತ್ತಿಗೆ ಮೀಟರ್ ಕಟ್ಟುವುದಿಲ್ಲ, ಅದು ಸವಾರ ಕಿವಿಗೊಟ್ಟು ಕೇಳುವ ಸುತ್ತು. ಹತ್ತು ಗಂಟೆಗೆ ಮೀಟರ್ ಕಟ್ಟಿ ಅದೇ ದಿಬ್ಬವನ್ನು ಎಂಟು ಸಲ ಹಾರಿದರೂ ಪರದೆಯ ಮೇಲೆ ಮೀಟರಿನ ಗೆರೆ ಎಲ್ಲೂ ಕುಸಿಯಲಿಲ್ಲ. ಬುಧವಾರ ಬೆಳಿಗ್ಗೆ ಮತ್ತೆ ಬಿಕ್ಕಳಿಕೆ, ಹತ್ತಕ್ಕೆ ಮತ್ತೆ ಏನೂ ಇಲ್ಲ. ಬೆಳಗಿನ ಥಂಡಿಗೆ ಎಂಜಿನ್ ಬಿಸಿಯಾಗಿರುವುದಿಲ್ಲ ಎಂದು ಎಂಜಿನಿಯರ್ ಸಮಾಧಾನ ಹೇಳಿದರು. ಯಾರೋ ನೆನೆಸಿಕೊಳ್ಳುತ್ತಿರಬೇಕು ಬಿಡಿ ಎಂದು ಮೆಕ್ಯಾನಿಕ್ ನಕ್ಕ.

ವಿಭಾಗದ ಮುಖ್ಯಸ್ಥರು ನಗಲಿಲ್ಲ. ಆರು ಸ್ಪರ್ಧಿಗಳಿಗೆ ಆರು ಬೈಕು ಶನಿವಾರ ಮಧ್ಯಾಹ್ನ ಹೊರಡಬೇಕು, ಅದಕ್ಕೆ ಮರಳಣ್ಣನ ಸಹಿ ಬೇಕು. “ಮೀಟರ್‌ಗೆ ಕಾಣದ್ದು ನಿಮಗೊಬ್ಬರಿಗೇ ಕೇಳ್ಸುತ್ತೆ ಅಂದ್ರೆ, ಬೈಕ್ ಪರೀಕ್ಷೆ ಮಾಡ್ಬೇಕೋ, ನಿಮ್ಮನ್ನೋ?” ಎಂದು ಎಲ್ಲರೆದುರು ಕೇಳಿದರು. ಶುಕ್ರವಾರ ಸಂಜೆಯೊಳಗೆ ತೋರಿಸಿಕೊಡದಿದ್ದರೆ ಸಹಿ ಬೇರೆಯವರದು, ಮರಳಣ್ಣನಿಗೆ ಬಿಡಿಭಾಗಗಳ ಕೋಣೆಯಲ್ಲಿ ಕೆಲಸ ಎಂಬುದೂ ತೀರ್ಮಾನವಾಯಿತು.

ಸಹಿ ಹಾಕಿಬಿಡಬಹುದಿತ್ತು. ಹಾಕದಿರುವುದಕ್ಕೆ ಕಾರಣ ಆರು ವರ್ಷ ಹಳೆಯದು.

ಆಗ ಬಂದ ಇನ್ನೊಂದು ಬೈಕನ್ನು ಇವರೇ ಓಡಿಸಿ ‘ಸರಿಯಿದೆ’ ಎಂದು ಬರೆದಿದ್ದರು. ಐವತ್ತೊಂಬತ್ತು ಕಿಲೊ ತೂಗುವ ಮನುಷ್ಯನಿಗೆ ಅದು ಸರಿಯಾಗಿಯೇ ಇತ್ತು. ಅದನ್ನು ರೇಸಿಗೆ ಒಯ್ದ ಸ್ಪರ್ಧಿ ದೊಡ್ಡ ಆಳು. ದಿಬ್ಬದಿಂದ ಇಳಿದಾಗ ಹಿಂದಿನ ಶಾಕ್ ಅಬ್ಸಾರ್ಬರ್ ತಳ ಬಡಿಯಿತು, ಸೊಂಟದ ಮೂಳೆ ಮುರಿಯಿತು. ಅವರು ಮತ್ತೆ ರೇಸಿಗಿಳಿಯಲಿಲ್ಲ. ಆಸ್ಪತ್ರೆಗೆ ಹೋದ ಮರಳಣ್ಣ, ನಿಮ್ಮ ತೂಕ ಎಷ್ಟು ಎಂದು ಕೇಳಿಬಿಟ್ಟರಂತೆ. ಮಲಗಿದ್ದವರು ನಕ್ಕು, ಎಂಬತ್ತೆರಡು ಎಂದರಂತೆ.

“ಯಾರೂ ಬೈಲಿಲ್ಲ. ಬೈದಿದ್ರೆ ಅಲ್ಲಿಗೆ ಮುಗಿದುಹೋಗ್ತಿತ್ತು,” ಎನ್ನುತ್ತಾರೆ ಮರಳಣ್ಣ. ಆಮೇಲೆ ಬಹಳ ಹೊತ್ತು ಗ್ಲೌಸಿನ ಮಣ್ಣು ಕೊಡವುತ್ತಾರೆ. ಅಂದಿನಿಂದ ‘ಸರಿಯಿದೆ’ ಎಂಬ ಪದ ಅವರ ನೋಟ್‌ಬುಕ್ಕಿನಲ್ಲಿಲ್ಲ. ಏನು ಕೇಳಿಸಿತು, ಏನು ಕೇಳಿಸಲಿಲ್ಲ, ಅಷ್ಟೇ ಬರೆಯುತ್ತಾರೆ.

ಅಂಗಿ ಹೊಲಿದದ್ದು ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಆಕೆಯ ಹೊಲಿಗೆ ಯಂತ್ರವಿದೆ, ಶಾಲೆಯ ಸಮವಸ್ತ್ರ ಹೊಲಿಯುವುದು ಅವರ ಕೆಲಸ. ಐವತ್ತೊಂಬತ್ತನ್ನು ಎಂಬತ್ತೆರಡು ಮಾಡಲು ಇಪ್ಪತ್ತಮೂರು ಬೇಕೆಂದಾಗ ಆಕೆ ಕಾರಣ ಕೇಳಲಿಲ್ಲ, ಜೇಬು ಎಷ್ಟು ಎಂದಷ್ಟೇ ಕೇಳಿದರು. ಈಗಲೂ ಹೊಲಿಗೆ ಬಿಟ್ಟಾಗಲೆಲ್ಲ ರೇಗಿಸುತ್ತಾರೆ: “ಊರಿನ ಗಂಡಸರೆಲ್ಲ ಹೊಟ್ಟೆ ಕರಗಿಸೋಕೆ ಓಡ್ತಾರೆ. ನಮ್ಮನೆಯವರು ಮಾತ್ರ ಹೊಟ್ಟೆ ಹೊಲಿಸ್ಕೊಂಡು ಹೋಗ್ತಾರೆ.”

ದಾರಿ ತೋರಿಸಿದ್ದೂ ಆಕೆಯ ಮಾತೇ. ಗುರುವಾರ ಸಂಜೆ ಗಂಡ ಬಿಕ್ಕಳಿಕೆ, ಬಿಕ್ಕಳಿಕೆ ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದದ್ದನ್ನು ಕೇಳಿ, ಕಾಲರ್ ತಿರುಗಿಸುತ್ತಲೇ ಅಂದರು: “ಬಿಕ್ಕಳಿಕೆ ಬಂದ್ರೆ ಏನಾದ್ರೂ ಕುಡಿಸಿ ಅಲ್ವಾ ನಿಲ್ಸೋದು? ಅದೇನು ದೊಡ್ಡ ವಿಷ್ಯ.”

ಮರಳಣ್ಣ ಲೋಟ ಕೆಳಗಿಟ್ಟರಂತೆ. ಹತ್ತು ಗಂಟೆಯ ಸುತ್ತುಗಳಿಗೆ ಬೈಕು ಹೊಟ್ಟೆ ತುಂಬ ಕುಡಿದಿರುತ್ತದೆ. ಬೆಳಗಿನ ಸುತ್ತಿಗೆ ಹಿಂದಿನ ದಿನದ ಕಾಲು ಟ್ಯಾಂಕು.

ಅದಕ್ಕೇ ಈ ಶುಕ್ರವಾರ ಎಂಜಿನಿಯರ್ ಇಷ್ಟು ಬೇಗ ಬಂದಿರುವುದು, ಬೆಳಗಿನ ಸುತ್ತಿಗೂ ಮೀಟರ್ ಏರಿರುವುದು. ಬೈಕು ಒಂದೇ ಒದೆಗೆ ಹೊರಡುತ್ತದೆ. ಏಳನೇ ದಿಬ್ಬ ಶೆಡ್ಡಿಗೆ ಎದುರಾಗಿಯೇ ಇದೆ. ಮರಳಣ್ಣ ಗಾಳಿಗೇರಿ ಇಳಿಯುತ್ತಾರೆ. ಶಬ್ದ ಒಂದು ಕ್ಷಣ ನುಂಗಿಕೊಂಡಂತಾಗಿ ಮತ್ತೆ ಬರುತ್ತದೆ. ಗೊತ್ತಿಲ್ಲದವರಿಗೆ ಕೇಳಿಸಿದ್ದೂ ಗೊತ್ತಾಗುವುದಿಲ್ಲ. ಮುಂದಿನ ಸುತ್ತಿನಲ್ಲೂ ಹಾಗೇ. ಅಂಗಿ ಬಿಚ್ಚಿಟ್ಟು ಹೋದರೆ ಇಲ್ಲ. ಅಂಗಿ ತೊಟ್ಟು, ಟ್ಯಾಂಕು ತುಂಬಿಸಿ ಹೋದರೂ ಇಲ್ಲ. ಥಂಡಿ ಮಾತ್ರ ಆಗಿನಷ್ಟೇ ಇದೆ.

ಮರಳಣ್ಣ ಕಟ್ಟೆಗೆ ಹೋಗಿ ಬರೆಯಲು ಕೂರುತ್ತಾರೆ. ಪರದೆಯ ಮೇಲೆ, ಅಂಗಿ ತೊಟ್ಟು ಕಾಲು ಟ್ಯಾಂಕಿನಲ್ಲಿ ಹೋದ ಎರಡೂ ಸುತ್ತಿನ ಗೆರೆ ಏಳನೇ ದಿಬ್ಬದ ಹತ್ತಿರ ಉಗುರು ತಾಗಿದಂತೆ ಕುಸಿದಿದೆ. ಎಂಜಿನಿಯರ್ ಅದನ್ನು ದೊಡ್ಡದು ಮಾಡಿ ನೋಡುತ್ತಾರೆ. ಭಾರದ ಸವಾರ ನೆಲಕ್ಕೆ ಅಪ್ಪಳಿಸಿದಾಗ ಅಗಲವಾದ ತಳದಲ್ಲಿ ಉಳಿದ ಪೆಟ್ರೋಲು ಪಕ್ಕಕ್ಕೆ ಸರಿಯುತ್ತದೆ, ಎಂಜಿನ್‌ಗೆ ಪೆಟ್ರೋಲು ಎಳೆದುಕೊಡುವ ಪಂಪಿನ ಬಾಯಿ ಕ್ಷಣಕಾಲ ಗಾಳಿ ಕುಡಿಯುತ್ತದೆ. ರೇಸಿನ ಕೊನೆಯ ಸುತ್ತುಗಳಲ್ಲಿ ಎಲ್ಲರ ಟ್ಯಾಂಕೂ ಇಷ್ಟೇ ಇರುತ್ತದೆ. ದಿಬ್ಬಗಳು ಒಂದರ ಹಿಂದೊಂದು ಇರುವ ಕಡೆ, ಎರಡನೆಯದಕ್ಕೆ ಚಿಮ್ಮುವ ಹೊತ್ತಿಗೇ ಎಂಜಿನ್ ಕೈಕೊಟ್ಟರೆ ಸವಾರ ದಿಬ್ಬ ದಾಟುವುದಿಲ್ಲ.

“ತೂಕ ಒಂದೇ ಇರ್ಲಿ ಅಂತ ತುಂಬಿಸ್ತಾ ಇದ್ವಿ,” ಎನ್ನುತ್ತಾರೆ ಎಂಜಿನಿಯರ್, ತಮಗೇ ಹೇಳಿಕೊಂಡಂತೆ. “ತುಂಬಿಸಿ ತುಂಬಿಸಿ ನಾವೇ ಬೈಕಿನ ಬಾಯಿ ಮುಚ್ಚಿಸಿದ್ವಿ.”

ಮಧ್ಯಾಹ್ನದೊಳಗೆ ದಾರಿಯೂ ಸಿಗುತ್ತದೆ. ಪಂಪಿನ ಬಾಯಿಯ ಸುತ್ತ ಒಂದು ಸಣ್ಣ ಬಟ್ಟಲು ಕೂರಿಸಬೇಕು, ಪೆಟ್ರೋಲು ಅದರಲ್ಲಿ ನಿಲ್ಲುತ್ತದೆ. ಬೈಕಿನ ತೂಕ ಅರವತ್ತು ಗ್ರಾಂ ಏರುತ್ತದೆ. ವರ್ಷವಿಡೀ ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಿದ ವಿನ್ಯಾಸಕಾರರ ಮುಖ ಹುಳ್ಳಗಾಗುತ್ತದೆ. ಬೈಕುಗಳು ಹೊರಡುವುದು ಒಂಬತ್ತು ದಿನ ತಡ. ಮುಖ್ಯಸ್ಥರು ಸಂಜೆ ಶೆಡ್ಡಿಗೆ ಬರುತ್ತಾರೆ, ಆಡಿದ ಮಾತಿನ ವಿಷಯ ಎತ್ತುವುದಿಲ್ಲ. ಮೊಳೆಯಲ್ಲಿ ತೂಗುತ್ತಿದ್ದ ಅಂಗಿಯನ್ನು ಎತ್ತಿ ನೋಡಿ, ಇಷ್ಟು ಭಾರವೇ ಎಂದು ಕೇಳಿ, ಮೆಲ್ಲಗೆ ಅಲ್ಲೇ ಸಿಕ್ಕಿಸಿ ಹೋಗುತ್ತಾರೆ.

ಒಂಬತ್ತನೆಯ ದಿನದ ಬೆಳಿಗ್ಗೆ ಮರಳಣ್ಣ ಬಟ್ಟಲು ಕೂರಿಸಿದ ಬೈಕನ್ನು ಕಾಲು ಟ್ಯಾಂಕಿನಲ್ಲಿ ಹನ್ನೆರಡು ಸುತ್ತು ಓಡಿಸುತ್ತಾರೆ. ಹೆಲ್ಮೆಟ್ ತೆಗೆದು ಕಟ್ಟೆಯ ಮೇಲೆ ಕೂತು ಬರೆಯುತ್ತಾರೆ: ‘ಬಿಕ್ಕಳಿಕೆ ಕೇಳಿಸಲಿಲ್ಲ.’ ಅದರ ಕೆಳಗೆ ಸಹಿ.

ಈ ಬೈಕು ಗೆಲ್ಲುವುದನ್ನು ನೋಡುವ ಆಸೆ ಇಲ್ಲವೇ ಎಂದರೆ, ರೇಸು ನೋಡಲು ಹೋಗುವುದೇ ಇಲ್ಲ ಎನ್ನುತ್ತಾರೆ. ಆರು ವರ್ಷವಾಯಿತು. ಬೇರೆ ಯಾವ ಆಸೆಯೂ ಇಲ್ಲವೇ ಎಂದು ಕೇಳಿದ್ದಕ್ಕೆ ಮೊಳೆಯಲ್ಲಿ ತೂಗುವ ಅಂಗಿಯ ಕಡೆ ನೋಡುತ್ತಾರೆ.

“ಒಂದಿನ ಈ ಅಂಗಿ ಮನೇಲಿ ಬಿಟ್ಟು, ಸುಮ್ನೆ ಒಂದು ರೌಂಡ್ ಹೋಗಿಬರ್ಬೇಕು. ಏನೂ ಕೇಳಿಸ್ಕೊಳ್ದೇ.”