ಯಾವ ನಲ್ಲಿಯಲ್ಲಿ ಹಲ್ಲುಜ್ಜುತ್ತೀರಿ?

ದೊಡ್ಡಾಸ್ಪತ್ರೆಯ ಮೂರನೇ ಕಿಟಕಿಯ ಹಿಂದೆ ಒಬ್ಬ ಚಕ್ರವರ್ತಿನಿ ಇದ್ದಳು. ಅವಳ ರಾಜ್ಯವೆಂದರೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಮೇಜು. ಅದಕ್ಕೂ ಒಂದು ಕಾಲು ಕುಂಟು. ಸಿಂಹಾಸನದ ಮೇಲೆ ನಾಲ್ಕು ಮಡಿಕೆಯ ಹಳೇ ಟವೆಲು. ಆಯುಧಗಳು ಎರಡು: ಬರೆಯಲು ನೀಲಿ ಪೆನ್ನು, ತಿದ್ದಲು ಕೆಂಪು ಪೆನ್ನು. ಕ್ಯಾನ್ಸರ್ ಎಂದು ಹೊಸದಾಗಿ ಗೊತ್ತಾದ ಪ್ರತಿಯೊಬ್ಬರೂ, ಅವರು ಎಂಥ ಶೂರರೇ ಆಗಿರಲಿ, ಒಮ್ಮೆ ಅವಳ ಮುಂದೆ ಬಂದು ತಲೆ ಬಗ್ಗಿಸಲೇಬೇಕು. ಏಕೆಂದರೆ ಕಿಟಕಿಯ ಕಂಡಿ ಅಷ್ಟು ಕೆಳಗಿತ್ತು. ಲೋಕಗಳು ಹದಿನಾಲ್ಕು ಇದ್ದ ಹಾಗೆ ಆ ನಗರಕ್ಕೆ ವಾರ್ಡುಗಳೂ ಹದಿನಾಲ್ಕು. ಬಂದವರು ಯಾವ ವಾರ್ಡಿನವರು ಎಂದು ದಪ್ಪ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವಳು ಅಡ್ರೆಸ್ ಅಕ್ಕ.

ಅಕ್ಕ ಬರೆದದ್ದನ್ನು ಮಹಡಿಯ ಮೇಲೆ ಕೂರುತ್ತಿದ್ದ ಲೆಕ್ಕದ ಮೇಡಂ ಕೂಡಿಸಿ, ಭಾಗಿಸಿ, ಯಾವ ವಾರ್ಡಿನಲ್ಲಿ ಲಕ್ಷ ಜನಕ್ಕೆ ಎಷ್ಟು ಮಂದಿಗೆ ಈ ಕಾಯಿಲೆ ಬರುತ್ತಿದೆ ಎಂದು ನಕ್ಷೆಗೆ ಬಣ್ಣ ಹಾಕಿಸುತ್ತಿದ್ದರು. ಕಡಿಮೆ ಇದ್ದರೆ ಬಿಳಿ, ಹೆಚ್ಚಿದ್ದರೆ ಕೆಂಪು. ಆ ನಕ್ಷೆಯಲ್ಲಿ ಏಳನೇ ವಾರ್ಡು ಕುಂಕುಮದ ಭರಣಿ ಚೆಲ್ಲಿದಂತೆ ಕೆಂಪಗಿತ್ತು. ಆಸ್ಪತ್ರೆ ಇರುವುದೂ, ಒಳ್ಳೊಳ್ಳೆ ಮನೆಗಳಿರುವುದೂ, ಎರಡು ಕೋಣೆ ಬಾಡಿಗೆ ಹಿಡಿದು ಅಕ್ಕ ಇರುವುದೂ ಅದೇ ವಾರ್ಡು. ಕಾಲುವೆಯಾಚೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಬೆನ್ನಿಗಂಟಿಕೊಂಡ ಹದಿನಾಲ್ಕನೆಯದು, ಅಂದರೆ ನಗರದ ಪಾತಾಳಲೋಕ, ಹಾಲಿನ ಹಾಗೆ ಬೆಳ್ಳಗಿತ್ತು.

ಏಳನೇ ವಾರ್ಡಿನವರ ಪಾಡು ಕೇಳಬೇಡಿ. ನೀರು ಪರೀಕ್ಷೆ ಮಾಡಿಸಿದರು, ಮಣ್ಣು ಪರೀಕ್ಷೆ ಮಾಡಿಸಿದರು, ಮೊಬೈಲ್ ಟವರಿನ ಕೆಳಗೆ ಕೂತು ಅದು ಇಳಿಯುವವರೆಗೂ ಏಳಲಿಲ್ಲ. ಕೊನೆಗೆ ಒಂದು ವಿಶೇಷ ಸವಲತ್ತು ಸಿಕ್ಕಿತು: ಏಳನೇ ವಾರ್ಡಿನ ರೋಗಿಗೆ ಹಸಿರು ಚೀಟಿ, ವಾರದೊಳಗೆ ಸ್ಕ್ಯಾನು. ಮಿಕ್ಕ ಹದಿಮೂರು ಲೋಕಗಳಿಗೆ ಬಿಳಿ ಚೀಟಿ, ಎರಡು ತಿಂಗಳ ಸರದಿ. ಜೊತೆಗೆ ತಪಾಸಣೆ ಗಾಡಿಯೊಂದು ಪ್ರತಿ ಸೋಮವಾರ ಆ ವಾರ್ಡಿನ ಪಾರ್ಕಿನ ಮುಂದೆ ನಿಂತು ಯಾರಾದರೂ ಬರಲಿ ಎಂದು ಕಾಯುತ್ತಿತ್ತು.

ಇದರ ಗುಟ್ಟು ಅಕ್ಕನಿಗೆ ಸಿಕ್ಕಿದ್ದು ಒಂದು ಮಂಗಳವಾರ, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ. ಅಂದು ಬೆಳಿಗ್ಗೆ ಒಬ್ಬ ಮುದುಕಿ ಹೇಳಿದ ಬಾಗಿಲ ನಂಬರನ್ನು ಮೊದಲೂ ಎಲ್ಲೋ ಬರೆದ ನೆನಪಾಯಿತು. ಹಾಳೆ ತಿರುವಿ ನೋಡಿದಳು. ಆ ಒಂದೇ ಮನೆಯಲ್ಲಿ ಮೂವತ್ತೊಂದು ಜನಕ್ಕೆ ಕ್ಯಾನ್ಸರ್! ಮನೆಯಲ್ಲಿ ಇದ್ದದ್ದು ಮೂರು ಕೋಣೆ. ಅದು ಆಸ್ಪತ್ರೆಯ ಹಿಂದಿನ ಲಾಡ್ಜು. ದೂರದಿಂದ ಬಂದವರು ಮಂಚ ಬಾಡಿಗೆಗೆ ಹಿಡಿದು, "ಮನೆ ಎಲ್ಲಿ?" ಅಂದರೆ "ಇಲ್ಲೇ, ಹಿಂದೆ" ಎನ್ನುತ್ತಿದ್ದರು. ಅಣ್ಣನ ಮನೆಯಲ್ಲಿ ಉಳಿದವರು ಅಣ್ಣನ ಮನೆ ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಅಕ್ಕ ಕೇಳಿದ್ದೇ ತಪ್ಪು ಪ್ರಶ್ನೆ. ಹತ್ತು ವರ್ಷ!

ಅಂದಿನಿಂದ ಪ್ರಶ್ನೆ ಬದಲಾಯಿತು.

"ಹಲ್ಲುಜ್ಜೋದು ಯಾವ ನಲ್ಲೀಲಿ?"

"ಏನಮ್ಮಾ, ಬಾಯಿ ವಾಸನೆ ಬರ್ತಿದ್ಯಾ?"

"ಅಯ್ಯೋ, ಅದಲ್ಲ ಯಜಮಾನ್ರೇ. ಹುಷಾರಾಗಿದ್ದಾಗ, ಬೆಳಿಗ್ಗೆ ಎದ್ದು ಯಾವ ನಲ್ಲಿ ಹತ್ರ ನಿಲ್ತಿದ್ರಿ?"

"ಓ, ಅದಾ? ಅದು ಕಾಲುವೆ ಆಚೆ. ನಲ್ಲಿ ಒಂದು, ಜನ ನಲವತ್ತು. ಹಲ್ಲುಜ್ಜೋ ಹೊತ್ಗೆ ಮಧ್ಯಾಹ್ನದ ಊಟಾನೇ ಬಂದಿರುತ್ತೆ."

ಅಕ್ಕ ನಕ್ಕು ನೀಲಿ ಪೆನ್ನಿನಲ್ಲಿ ಹದಿನಾಲ್ಕು ಎಂದು ಬರೆದಳು. ಮಾರನೇ ದಿನ ಮತ್ತೊಂದು ಹದಿನಾಲ್ಕು. ಆ ವಾರದ ಮೂರನೆಯದನ್ನು ಬರೆಯುವಾಗ ನಗು ಬರಲಿಲ್ಲ. ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಮಹಡಿ ಹತ್ತಿದಳು.

ಲೆಕ್ಕದ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಚಿಕ್ಕ ವಾರ್ಡು ಅಕ್ಕ. ಒಂದು ವರ್ಷ ಏರುತ್ತೆ, ಒಂದು ವರ್ಷ ಇಳಿಯುತ್ತೆ. ಮೂರು ವರ್ಷ ಹೀಗೇ ಸರಿಯಾಗಿ ಬರೀರಿ. ಆಮೇಲೆ ನಕ್ಷೆ ಹೊಸದಾಗಿ ಬರೆಸೋಣ. ಅಲ್ಲೀವರೆಗೂ ಹಳೇ ನಕ್ಷೆನೇ. ಒಂದು ಅಕ್ಷರ ತಪ್ಪಬಾರದು."

ಅಕ್ಕ ಆಣೆ ಮಾಡಿದವಳಂತೆ ಇಳಿದು ಬಂದಳು. ತಿದ್ದುವುದಕ್ಕೂ ತಾನೇ ಒಂದು ಕಾಯಿದೆ ಮಾಡಿದಳು: ಒಂದೇ ಗೆರೆ ಎಳೆದು ಹೊಡೆಯಬೇಕು, ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಕಾರಣ, ಕೆಳಗೆ ಸಹಿ. ಕಾರಣವಿಲ್ಲದ ತಿದ್ದುಪಡಿ ಕಳ್ಳತನಕ್ಕೆ ಸಮ ಎಂದು ಒಂದು ಚೀಟಿಯನ್ನೂ ಗೋಡೆಗೆ ಅಂಟಿಸಿದಳು. ಹದಿನಾಲ್ಕನೇ ವಾರ್ಡಿಗೆ ಏಕೆ ಹೆಚ್ಚು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬಣ್ಣವೋ, ನೀರೋ, ಸಿಗರೇಟೋ, ತಡವಾಗಿ ಬರುವುದೋ, ಡಾಕ್ಟರುಗಳೇ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅವಳ ಪುಸ್ತಕಕ್ಕೆ ಏಕೆ ಎಂಬ ಕಲಂ ಇರಲಿಲ್ಲ. ಎಲ್ಲಿ ಎಂಬುದು ಮಾತ್ರ ಇತ್ತು.

ಎರಡು ವರ್ಷ ನಾಲ್ಕು ತಿಂಗಳು ಅಕ್ಕನ ಪುಸ್ತಕ ನೀರಿನಲ್ಲಿ ತೊಳೆದ ಕನ್ನಡಿಯಂತಿತ್ತು. ಆಮೇಲೆ ತಮ್ಮ ಬಂದ.

ತಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಂಟೆ ಎಂದು. ಬಣ್ಣದ ಕಾರ್ಖಾನೆಯ ತೊಟ್ಟಿಯ ಮೇಲೆ ನಿಂತು ಕೋಲಿನಿಂದ ಬಟ್ಟೆ ತಿರುವುತ್ತ ಅವನು ಒಂದು ಮಾತಾಡಿದರೆ ಕಾಲುವೆಯ ಈಚೆಗೆ ಕೇಳಿಸುತ್ತಿತ್ತು. ಮೊಣಕೈವರೆಗೆ ಒಂದು ವಾರ ನೀಲಿ, ಒಂದು ವಾರ ಹಳದಿ. ಮದುವೆಯ ಫೋಟೋದಲ್ಲೂ ಕೈ ಹಸಿರು. ಆ ಗಂಟೆಗೆ ಮೂರು ತಿಂಗಳಿನಿಂದ ನಾದವಿರಲಿಲ್ಲ. ಶೀತ, ಶೀತ ಎಂದುಕೊಂಡು ಬಿಸಿನೀರು ಕುಡಿದು ದಿನ ದೂಡಿದ್ದ. ಈಗ ಡಾಕ್ಟರ ಕಾಗದ ಹಿಡಿದು ಮೂರನೇ ಕಿಟಕಿಯ ಮುಂದೆ ಬಗ್ಗಿ ನಿಂತಿದ್ದ. ಅವನ ಹಿಂದೆ, ಅದೇ ತೊಟ್ಟಿಯ ಇನ್ನೊಂದು ಬದಿಯಲ್ಲಿ ಕೋಲು ಹಿಡಿಯುವ ಜೊತೆಗಾರ, ಅಂಥದೇ ಕಾಗದ ಹಿಡಿದು.

ಅಕ್ಕ ಕಾಗದ ಓದಿದಳು. ಗಂಟಲು. ಮತ್ತೆ ಓದಿದಳು. ಗಂಟಲೇ.

"ಯಾಕೋ ಮೊದ್ಲೇ ಹೇಳ್ಲಿಲ್ಲ, ಕತ್ತೆ?"

"ಹೇಳೋಕೆ ಗಂಟ್ಲು ಬೇಕಲ್ಲಕ್ಕ," ಎಂದು ಪಿಸುಗುಟ್ಟಿದ. ನಗಲು ಹೋಗಿ ಕೆಮ್ಮಿದ. ಆಮೇಲೆ ಮುಖವನ್ನು ಕಂಡಿಗೆ ಹತ್ತಿರ ತಂದು, "ಹಸಿರು ಚೀಟಿ ಕೊಡ್ತಿಯಾ? ನಿನ್ ಮನೆ ಏಳ್ನೇ ವಾರ್ಡಲ್ವಾ. ಹೆಂಗೂ ಟ್ರೀಟ್ಮೆಂಟ್‌ಗೆ ಬಂದ್ರೆ ನಿನ್ ಮನೇಲೇ ಇರ್ತೀನಿ. ಎರಡು ತಿಂಗ್ಳು ಅಂದ್ರೆ... ನೀನೇ ನೋಡ್ತಿಯಲ್ಲ, ಕಾಯೋರು ಏನಾಗ್ತಾರೆ ಅಂತ. ಒಂದ್ರಿಂದ ಏನಾಗುತ್ತಕ್ಕ?"

ಒಂದರಿಂದ ಏನೂ ಆಗುವುದಿಲ್ಲ. ಹತ್ತು ವರ್ಷದ ತಪ್ಪು ನಕ್ಷೆಯೂ ಒಂದು, ಒಂದು, ಒಂದು ಎಂದೇ ಆದದ್ದು. ಇದು ಅಕ್ಕನಷ್ಟು ಚೆನ್ನಾಗಿ ನಗರದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಅವಳು ತಮ್ಮನನ್ನು ಹಲ್ಲುಜ್ಜುವ ಪ್ರಶ್ನೆ ಕೇಳಲಿಲ್ಲ. ಚಿಕ್ಕವನಿದ್ದಾಗ ಅವನ ಬಾಯಿಗೆ ಬ್ರಷ್ಷು ತುರುಕಿ ಹಲ್ಲುಜ್ಜಿಸಿದವಳೇ ಅವಳು. ನೀಲಿ ಪೆನ್ನಿನಲ್ಲಿ, ದುಂಡಗೆ, ಏಳು ಎಂದು ಬರೆದಳು. ಹಸಿರು ಚೀಟಿ ಹರಿದು ಕೊಟ್ಟಳು.

"ಮುಂದಿನವರು."

ಜೊತೆಗಾರ ಬಗ್ಗಿದ. ಅಕ್ಕ ತಲೆಯೆತ್ತದೆ ಕೇಳಿದಳು, "ಹಲ್ಲುಜ್ಜೋದು ಯಾವ ನಲ್ಲೀಲಿ?"

"ಗಂಟೆ ಉಜ್ಜೋ ನಲ್ಲೀಲೇ ಅಕ್ಕ," ಅಂದ ಆ ಸಾಧು. ಅವನಿಗೆ ಬಿಳಿ ಚೀಟಿ.

ಹಸಿರು ಚೀಟಿಯ ಮಹಿಮೆ ದೊಡ್ಡದು. ಆರನೇ ದಿನ ಸ್ಕ್ಯಾನು, ಹದಿನೈದನೇ ದಿನ ಆಪರೇಶನ್. ಆದರೆ ಕಾಯಿಲೆ ಚೀಟಿಯ ಬಣ್ಣ ನೋಡಲಿಲ್ಲ. ಅದು ಬಿಸಿನೀರು ಕುಡಿದ ಆ ಮೂರು ತಿಂಗಳಲ್ಲೇ ಬೇಕಾದಷ್ಟು ದೂರ ನಡೆದಿತ್ತು. ಗಂಟೆಯ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಅವನು, ಅವನ ಹೆಂಡತಿ, ಮತ್ತು ಒಂದು ಸ್ಲೇಟು. ಮಾತಿನ ಮಲ್ಲ ಬಳಪದ ಮಲ್ಲನಾದ. ಒಂದು ಬೆಳಿಗ್ಗೆ ಬಚ್ಚಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು ಬರೆದ: "ಅಕ್ಕ, ಈಗ ನಿಜವಾಗ್ಲೂ ನಿನ್ನ ನಲ್ಲೀಲೇ ಹಲ್ಲುಜ್ಜಿದೆ. ನೀನು ಬರೆದದ್ದು ಸುಳ್ಳಲ್ಲ."

ಅಕ್ಕನಿಗೆ ನಗಬೇಕಿತ್ತು. "ಬೆನ್ನಿಗೆರಡು ಬಿಡ್ತೀನಿ ನೋಡು," ಅಂದು ಒಳಗೆ ಹೋಗಿ ಇಲ್ಲದ ಕೆಲಸ ಹುಡುಕಿದಳು.

ಐದನೇ ತಿಂಗಳು ಅವನು ಹೋದ.

ಮಣ್ಣು ಮಾಡಿ ಬಂದ ಮೇಲೆ ಕಾಲುವೆಯಾಚೆಯ ಮನೆಯ ಮುಂದೆ ಎಲ್ಲರೂ ಕೂತಿದ್ದರು. ಜೊತೆಗಾರ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬಂದ. ಮುಖ ಅರ್ಧವಾಗಿತ್ತು. ಅಕ್ಕನ ಪಕ್ಕ ಕೂತು, ಉಸಿರು ಹುಡುಕಿಕೊಂಡು ಹೇಳಿದ:

"ಗಂಟೆ ಪುಣ್ಯವಂತ. ಅವನಿಗೆ ಬೇಗ ಕರೆ ಬಂತು. ನಂಗೆ ಒಂಬತ್ತು ವಾರ ಆಯ್ತು. ಮುಂಚೆ ಬಂದಿದ್ರೆ ನೋಡಬಹುದಿತ್ತು ಅಂದ್ರು ಡಾಕ್ಟ್ರು." ಆಮೇಲೆ ವ್ಯಂಗ್ಯವೇ ಇಲ್ಲದೆ, ನಿಜಕ್ಕೂ ತಿಳಿಯದವನಂತೆ ಕೇಳಿದ: "ಅಲ್ಲಕ್ಕ, ನಮ್ಮಿಬ್ರದೂ ವಾರ್ಡು ಒಂದೇ ಅಲ್ವಾ?"

ಯುದ್ಧದಲ್ಲಿ ಗೆದ್ದವರ, ಸೋತವರ ಕಥೆಗಳನ್ನು ಕವಿಗಳು ಬರೆದಿದ್ದಾರೆ. ಆ ಪ್ರಶ್ನೆ ಕೇಳಿಸಿಕೊಂಡು, ಅವನಿಗೆ ಬಿಸಿನೀರು ತರಲು ಎದ್ದು ಹೋದ ಅಕ್ಕನ ಕಥೆ ಯಾವ ಪದ್ಯಕ್ಕೂ ಹಿಡಿಸುವುದಿಲ್ಲ.

ಪುಸ್ತಕ ಮುಚ್ಚಲು ಇನ್ನೂ ಮೂರು ತಿಂಗಳಿತ್ತು. ಮಾರನೇ ಸೋಮವಾರ ಕಿಟಕಿ ತೆರೆಯುವ ಮೊದಲು ಅಕ್ಕ ಹಾಳೆ ತಿರುವಿ ಆ ದುಂಡಗಿನ ಏಳನ್ನು ಹುಡುಕಿದಳು. ಕೆಂಪು ಪೆನ್ನಿನಿಂದ ಒಂದೇ ಗೆರೆ. ಪಕ್ಕದಲ್ಲಿ ಹದಿನಾಲ್ಕು. ಕಾರಣದ ಜಾಗದಲ್ಲಿ ತುಂಬ ಹೊತ್ತು ಪೆನ್ನು ನಿಂತಿತು. "ಕೇಳುವಾಗ ತಪ್ಪಾಯಿತು" ಎಂದು ಬರೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಕ್ಕ ಬರೆದಳು: "ಕಾರಣ: ತಮ್ಮ." ಕೆಳಗೆ ಸಂಬಳದ ಪಟ್ಟಿಯ ಹೆಸರಿನಲ್ಲಿ ಸಹಿ. ಪುಸ್ತಕವನ್ನು ತಾನೇ ಮಹಡಿಗೆ ಒಯ್ದು, ಆ ಹಾಳೆ ತೆರೆದು ಮೇಡಂ ಮುಂದೆ ಇಟ್ಟಳು.

ಮೇಡಂ ಕನ್ನಡಕ ತೆಗೆದರು. ಈ ಸಲ ಬೇಗ ಹಾಕಿಕೊಳ್ಳಲಿಲ್ಲ.

"ನಾನಿದನ್ನ ನೋಡಿಲ್ಲ ಅಂತ ಅಂದ್ಕೊಂಡ್ರೆ?"

"ನೀವು ನೋಡದಿದ್ರೂ, ಅವತ್ತು ಇವನ ಹಿಂದೇನೇ ನಿಂತು ಬಿಳಿ ಚೀಟಿ ತಗೊಂಡ ಜೊತೆಗಾರ ಕೇಳ್ತಾನೆ ಮೇಡಂ. ನೋಡಿ."

ವಿಚಾರಣೆ ನಡೆಯಿತು. ಹಸಿರು ಚೀಟಿಯ ದುರುಪಯೋಗಕ್ಕೆ ಮೂರನೇ ಕಿಟಕಿಯಿಂದ ಅಕ್ಕನ ಪದಚ್ಯುತಿಯಾಯಿತು. ಟವೆಲನ್ನು ಕಂಕುಳಲ್ಲಿ ಇರುಕಿಕೊಂಡು ಚಕ್ರವರ್ತಿನಿ ನೆಲಮಾಳಿಗೆಗೆ, ಬಟ್ಟೆ ಒಗೆಯುವ ವಿಭಾಗಕ್ಕೆ ಇಳಿದಳು. ಅಲ್ಲಿ ಕೆಲಸ, ಒಗೆದ ಹಾಸಿಗೆ ಬಟ್ಟೆಗಳನ್ನು ಆಸ್ಪತ್ರೆಯ ವಾರ್ಡುವಾರು ಬೇರೆ ಮಾಡುವುದು. ಮೂಲೆಯಲ್ಲಿ ನಂಬರಿನ ಮುದ್ರೆ ಇರುತ್ತಿತ್ತು. ಈ ವಾರ್ಡುಗಳ ವಿಷಯದಲ್ಲಿ ಯಾವ ಸಂಶಯವೂ ಇರಲಿಲ್ಲ, ಬಟ್ಟೆಗಳಿಗೆ ತಮ್ಮಂದಿರಿಲ್ಲ.

ಹೊಸ ನಕ್ಷೆ ಬಂತು. ಏಳನೇ ವಾರ್ಡು ಬೆಳ್ಳಗಾಯಿತು, ಅಲ್ಲಿಯವರು ಟವರ್ ಇಳಿಸಿದ್ದರ ಫಲ ಎಂದು ಪರಸ್ಪರ ಬೆನ್ನು ತಟ್ಟಿಕೊಂಡರು. ಹದಿನಾಲ್ಕನೆಯದು ಕಡುಗೆಂಪಾಯಿತು, ಅಲ್ಲಿಯವರು ನಮಗೆ ಮಸಿ ಬಳಿದವರು ಯಾರು ಎಂದು ಬೈದರು. ಗಾಡಿ ಮಾತ್ರ, ಅದರಲ್ಲಿ ಕಾಯಿಲೆ ಸಿಕ್ಕವರಿಗೆಲ್ಲ ಹಸಿರು ಚೀಟಿ ಎಂಬ ಹೊಸ ಕಾಯಿದೆ ಸಮೇತ, ಕಾಲುವೆ ದಾಟಿತು. ಜೊತೆಗಾರ ಅದನ್ನು ನೋಡಲಿಲ್ಲ; ಅದು ದಾಟುವ ಹಿಂದಿನ ತಿಂಗಳೇ ಅವನೂ ಹೋಗಿದ್ದ.

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಹಸಿರು ಚೀಟಿ.

"ಗಾಡಿಯವರು ಎದೇಲಿ ಗಂಟಿದೆ ಅಂದ್ರು ಅಕ್ಕ. ಚಿಕ್ಕದಂತೆ. ಗುರುವಾರ ಸ್ಕ್ಯಾನು."

ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಚೀಟಿ ತೆಗೆದುಕೊಂಡಳು. ಚಿಕ್ಕದು ಎಂಬ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ಆಮೇಲೆ ಹಳೇ ಚಾಳಿ, ಕಣ್ಣು ವಿಳಾಸದ ಸಾಲಿಗೆ ಹೋಯಿತು. ಏಳನೇ ವಾರ್ಡು, ಅಕ್ಕನ ಮನೆಯ ನಂಬರು.

"ಇದ್ಯಾಕೆ ಹೀಗಿದೆ?"

"ಕಿಟಕೀಲಿ ಹೊಸಬಳು ಮನೆ ಎಲ್ಲಿ ಅಂದ್ಲು. ಟ್ರೀಟ್ಮೆಂಟ್ ಮುಗಿಯೋವರ್ಗೂ ನಿಮ್ಮನೇಲೇ ಇರ್ಬೇಕಲ್ಲ, ಅದನ್ನೇ ಹೇಳ್ದೆ. ಗಾಡಿಯವ್ರ ಕಾಗದ ನೋಡಿ ಹಸಿರು ಕೊಟ್ಲು."

ಅಕ್ಕನ ಕೈ ಕಿವಿಯ ಹಿಂದೆ ಹೋಯಿತು. ಅಲ್ಲಿ ಕೆಂಪು ಪೆನ್ನು ಇರಲಿಲ್ಲ. ಮುದ್ರೆ ಹೊತ್ತ ಬಟ್ಟೆಗಳ ಗುಡ್ಡೆಯನ್ನು ಒಮ್ಮೆ ನೋಡಿ, ಚೀಟಿಯನ್ನು ಅವಳ ಅಂಗೈಗೆ ಒತ್ತಿ, ಬೆರಳು ಮಡಿಸಿದಳು.

"ಹೋಗು ತಾಯಿ, ಮೂರನೇ ಕಿಟಕಿಗೆ ವಾಪಸ್ ಹೋಗು. ಅವಳು ಮನೆ ಎಲ್ಲಿ ಅಂತ ಕೇಳಿದ್ರೆ ಮನೆ ಹೇಳ್ಬೇಡ. ನಲ್ಲಿ ಹೇಳು."