ಅಕ್ಕ ಕೇಳಿದ ಸಂಕ

ನನ್ನ ಅಕ್ಕ ಪಂಚಾಯತಿ ಮೆಂಬರಾದದ್ದು ಮಾತಿನ ಬಲದಿಂದ ಅಲ್ಲ, ಅವಳು ಮಾತಾಡುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆ ಊರಿನ ನಾಲ್ಕು ಜನ ದೊಡ್ಡವರದು. ಅವರ್ಯಾರೂ ಅಕ್ಕನ ಬಾಯಿಗೆ ಸಿಕ್ಕಿದವರಲ್ಲ. ಸಿಕ್ಕಿ ಸಾಕಷ್ಟು ಅನುಭವವಿದ್ದ ನಾನು ಸುಮ್ಮನಿದ್ದೆ.

ಅರವತ್ತರ ಆಸುಪಾಸಿನ ಮಾತು ಇದು. ನಮ್ಮ ಜಿಲ್ಲೆ ಮದರಾಸಿನಿಂದ ಕಳಚಿ ಮೈಸೂರಿಗೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಹೊಸ ಕಾನೂನು ಬಂದು, ಪಂಚಾಯತಿಯಲ್ಲಿ ಹೆಂಗಸರಿಗೂ ಜಾಗ ಕೊಡಲೇಬೇಕೆಂದಾಯಿತು. ನಮ್ಮೂರು ಬೆಳ್ತಂಗಡಿಯಿಂದ ಕೊಕ್ಕಡದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಇತ್ತು. ಅಲ್ಲಿ ಚುನಾವಣೆಗೆ ನಿಲ್ಲುವ ಹೆಂಗಸು ಎಲ್ಲಿಂದ ಬರಬೇಕು? ಊರಿನ ದೊಡ್ಡ ಜಮೀನುದಾರರಾದ ಗುತ್ತಿನ ಮನೆಯ ಯಜಮಾನರು ಒಂದು ಬೆಳಿಗ್ಗೆ ನಮ್ಮ ಚಾವಡಿಗೆ ಬಂದು ಕುಳಿತು, ಬೆಲ್ಲ ನೀರು ಕುಡಿದು, ವಿಷಯ ತೆಗೆದರು.

"ನಿನಗೆ ಸಹಿ ಹಾಕ್ಲಿಕ್ಕೆ ಬರ್ತದಲ್ಲ, ಅಷ್ಟು ಸಾಕು. ಸಭೆಗೆ ಬರುವ ಕಷ್ಟವೂ ಬೇಡ. ಪುಸ್ತಕ ಮನೆಗೇ ಕಳಿಸ್ತೇವೆ."

ಅಕ್ಕ ತಲೆ ತಗ್ಗಿಸಿಕೊಂಡು "ಆಯಿತು" ಎಂದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಕೊನೆ. ಎದುರಿಗೆ ಯಾರೂ ನಿಲ್ಲದ ಕಾರಣ ಚುನಾವಣೆಯೇ ಆಗದೆ ಅವಳು ಮೆಂಬರಾದಳು. ಮೊದಲ ಸಭೆಯ ಪುಸ್ತಕ ಸಹಿಗೆಂದು ಮನೆಗೆ ಬಂತು. ತಂದವನ ಕೈಯಲ್ಲೇ ಅದನ್ನು ವಾಪಸು ಕೊಟ್ಟು, "ಸಭೆ ಎಲ್ಲಿ ಆಗ್ತದೋ ಅಲ್ಲಿಗೇ ಬಂದು ಸಹಿ ಹಾಕ್ತೇನೆ ಅಂತ ಹೇಳು" ಎಂದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ತೋಡು ಹರಿಯುತ್ತದೆ. ಬೇಸಿಗೆಯಲ್ಲಿ ಮಕ್ಕಳು ಕಪ್ಪೆ ಹಿಡಿಯುವಷ್ಟು ನೀರು. ಜೂನ್ ಬಂತೆಂದರೆ ಅದರ ಗುಣವೇ ಬೇರೆ. ಎರಡು ಅಡಿಕೆ ಮರ ಅಡ್ಡ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿದ್ದೇ ನಮ್ಮ ಸಂಕ. ಮೊದಲ ದೊಡ್ಡ ಮಳೆಗೆ ಅದು ಹೋಗುತ್ತಿತ್ತು. ಆಮೇಲೆ ದೀಪಾವಳಿಯವರೆಗೆ ಆಚೆ ದಡದವರು ಆಚೆ, ಈಚೆಯವರು ಈಚೆ.

ನಾನು ಸಣ್ಣವನಿದ್ದಾಗ ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರಿನಲ್ಲಿ ದಾಟಿಸುತ್ತಿದ್ದರು. ಅಕ್ಕನನ್ನು ದಾಟಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹುಡುಗಿ, ಮನೆಯಲ್ಲಿ ಕೆಲಸ ಉಂಟು. ಹಾಗೆ ಅವಳ ಓದು ಮೂರನೇ ಕ್ಲಾಸಿಗೆ ನಿಂತಿತು. ನಾನು ಓದಿ ಮಾಸ್ಟ್ರಾದೆ, ಮೂಡಬಿದಿರೆಯ ಹತ್ತಿರ ತೋಡಾರಿನಲ್ಲಿ ಸ್ವಲ್ಪ ಕಾಲ ಕಲಿಸಿ ನಮ್ಮೂರ ಶಾಲೆಗೇ ವರ್ಗವಾಗಿ ಬಂದೆ. ಮಳೆಗಾಲವಿಡೀ ಶಾಲೆಯ ಪಕ್ಕದ ಕೋಣೆಯಲ್ಲಿ ಬೇಯಿಸಿಕೊಂಡು ಇರುತ್ತಿದ್ದೆ. ಗಂಡಸರಿಗೆ ಇಂಥ ಉಪಾಯಗಳು ಬೇಕಾದಷ್ಟು. ಅಕ್ಕನ ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ಅವಳು ನಮ್ಮ ಮನೆಯಲ್ಲೇ ಇದ್ದಳು. ಅವಳ ಮಗಳು ಆ ವರ್ಷ ಮೂರನೇ ಕ್ಲಾಸು.

ದೀಪಾವಳಿ ಕಳೆದ ಮೇಲೆ ಬೆಳ್ತಂಗಡಿಯ ಬ್ಲಾಕ್ ಆಫೀಸಿನಲ್ಲಿ ಸುತ್ತಿನ ಪಂಚಾಯತಿಗಳ ಮೆಂಬರುಗಳ ಸಭೆ ಕರೆದರು. ಅಧಿಕಾರಿ ಘಟ್ಟದ ಮೇಲಿನವರು, ತುಳುವಿನ ಒಂದಕ್ಷರ ತಿಳಿಯದವರು. ಅಕ್ಕನಿಗೆ ಕನ್ನಡವೆಂದರೆ ಬಿಗಿ ರವಕೆ ತೊಟ್ಟ ಹಾಗೆ. ಹುಟ್ಟಿದಂದಿನಿಂದ ತುಳುವಿನಲ್ಲೇ ಬೈದು, ತುಳುವಿನಲ್ಲೇ ನಕ್ಕವಳು. ಹಾಗಾಗಿ ನಾನೂ ಹೊರಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಬಾಯಿಪಾಠ ಮಾಡಿಸಿದೆ.

"ಸಂಕ ಅನ್ನಬೇಡ. ಅದು ಅವರಿಗೆ ಅರ್ಥ ಆಗುವುದಿಲ್ಲ. ಸೇತುವೆ ಅನ್ನು."

"ಸೇತುವೆ," ಅಂದಳು. ನಾಲಗೆಗೆ ಹಾಕಿ ರುಚಿ ನೋಡಿದಂತೆ ಇನ್ನೊಮ್ಮೆ ಅಂದಳು. "ಈ ಶಬ್ದ ನಾನು ಓದಿದ ನೆನಪೇ ಇಲ್ಲ ಮಾರಾಯ. ಯಾವ ಪುಸ್ತಕದಲ್ಲಿ ಉಂಟು?"

"ನಾಲ್ಕನೇ ಕ್ಲಾಸಿನದ್ದರಲ್ಲಿ."

"ಹಾಗೆ ಹೇಳು," ಎಂದು ಕಿಟಕಿಯ ಕಡೆ ತಿರುಗಿದಳು.

ಸಭೆಯಲ್ಲಿ ನನಗೆ ಜಾಗವಿರಲಿಲ್ಲ. ಹೊರಗಿನ ಜಗಲಿಯ ಕಿಟಕಿಗೆ ಅಂಟಿಕೊಂಡು ನಿಂತೆ. ಒಳಗೆಲ್ಲ ಬಿಳಿ ಪಂಚೆ, ಬಿಳಿ ಅಂಗಿ, ನಡುವೆ ಅಕ್ಕನ ಹಸಿರು ಸೀರೆ. ಅವಳ ಸರದಿ ಬಂತು. ಎದ್ದು ನಿಂತವಳಿಗೆ ಕಲಿತ ಶಬ್ದ ಎಲ್ಲಿ ಹೋಯಿತೋ, "ನಮ್ಮ ತೋಡಿಗೆ ಒಂದು ಸಂಕ ಬೇಕು" ಎಂದುಬಿಟ್ಟಳು.

ನಾನು ಕಿಟಕಿಯ ಸರಳಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಧಿಕಾರಿ ಕನ್ನಡಕ ತೆಗೆದರು. "ಸುಂಕಾನ? ಹಳ್ಳ ದಾಟೋ ಬಡವರ ಹತ್ರ ಸುಂಕ ಯಾಕಮ್ಮ ವಸೂಲಿ ಮಾಡ್ತೀರಾ? ಹಾಗೆಲ್ಲ ಹಾಕೋಕೆ ಬರಲ್ಲ."

ಅಕ್ಕ ಇನ್ನಷ್ಟು ಗಟ್ಟಿಯಾಗಿ, "ಸಂಕ ಇಲ್ಲದೆ ತುಂಬ ಕಷ್ಟ ಆಗ್ತದೆ" ಎಂದಳು. ಕೇಳಬೇಕೇ! ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬಂಟ್ವಾಳ ಪೇಟೆಗೆ ಕೇಳುವಷ್ಟು ನಕ್ಕರು. ನಮ್ಮೂರ ಗುತ್ತಿನ ಯಜಮಾನರು ಕಣ್ಣೊರೆಸಿಕೊಂಡು ಎದ್ದು, "ಅವಳು ಕೇಳುವುದು ಸೇತುವೆ ಸಾರ್. ಕನ್ನಡ ಸ್ವಲ್ಪ ಅಷ್ಟಕ್ಕಷ್ಟೇ. ಅದು ಇರಲಿ, ಮುಂದಿನ ವಿಷಯ ನೋಡುವ" ಎಂದರು.

ಅಧಿಕಾರಿಯೂ ತಲೆಯಾಡಿಸಿ ಕಾಗದ ಮಗುಚಿದರು. ಮುಗಿಯಿತು, ಇನ್ನು ಇವಳು ಈ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡೆ. ಆದರೆ ಅಕ್ಕ ಕೂತಿರಲಿಲ್ಲ. ನಗು ತಾನಾಗಿ ನಿಲ್ಲುವ ತನಕ ಕಾದಳು. ಆಮೇಲೆ ಒಂದೊಂದೇ ಶಬ್ದ ಹುಡುಕಿ, ನಿಧಾನವಾಗಿ ಕನ್ನಡದಲ್ಲಿ ಹೇಳಿದಳು.

"ಸೇತುವೆ ಅಂತ ಹೇಳ್ಬೇಕು ಅಂತ ನನ್ನ ತಮ್ಮ ಬಸ್ಸಿನಲ್ಲಿ ಕಲಿಸಿದ್ದಾನೆ. ಬಾಯಿಗೆ ಬರ್ಲಿಲ್ಲ. ಆ ಮಾತು ನಾಲ್ಕನೇ ಕ್ಲಾಸಿನ ಪುಸ್ತಕದಲ್ಲಿ ಉಂಟಂತೆ. ನನ್ನದು ಮೂರಕ್ಕೇ ನಿಂತಿತು. ಯಾಕೆ ನಿಂತಿತು ಅಂತ ಕೇಳಿ ಸ್ವಾಮಿ. ಮಳೆಗಾಲದಲ್ಲಿ ತೋಡಿಗೆ ಸಂಕ ಇರ್ಲಿಲ್ಲ. ಈಗ ನನ್ನ ಮಗಳು ಮೂರನೇದರಲ್ಲಿ ಇದ್ದಾಳೆ. ಅವಳಿಗಾದ್ರೂ ಆ ಮಾತು ಬರ್ಬೇಕು."

ಇವಳು ನನ್ನ ಅಕ್ಕನೇ? ಮೀನು ಕತ್ತರಿಸುತ್ತಾ ನನ್ನ ಜೊತೆ ಜಗಳ ಆಡುವವಳು ಇವಳೇ? ಅಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು, ಅವಳಿಗೆ ಓದು ನಿಂತದ್ದರ ಸಂಕಟ ಇಷ್ಟಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಧಿಕಾರಿ ಮಗುಚಿದ ಕಾಗದವನ್ನು ಮತ್ತೆ ಈ ಕಡೆ ಮಗುಚಿ, "ಜಾಗ ತೋರಿಸ್ತೀರೇನಮ್ಮ? ನಾನೇ ಬರ್ತೀನಿ" ಎಂದರು.

ಮಾತಿಗೆ ತಪ್ಪದೆ ಬಂದರು. ಆದರೆ ಬಂದದ್ದು ಚಳಿಗಾಲ ಕಳೆಯುವ ಹೊತ್ತಿಗೆ. ತೋಡಿನಲ್ಲಿ ಪಾದ ಮುಳುಗುವಷ್ಟು ನೀರು. ಅವರು ಬೂಟು ನೋಡಿಕೊಂಡು, ನೀರು ನೋಡಿ, "ಇದಕ್ಕಾ ಸೇತುವೆ?" ಎಂದರು. ಅಕ್ಕ ದಡದ ಮರದ ಕೊಂಬೆಯತ್ತ ಕೈ ತೋರಿಸಿದಳು. ಅವರ ತಲೆಗಿಂತ ಮೇಲೆ ಒಣಹುಲ್ಲು, ಕಸಕಡ್ಡಿ, ಒಂದು ಹರಿದ ತಟ್ಟಿ ಸಿಕ್ಕಿಹಾಕಿಕೊಂಡಿದ್ದವು.

"ಅದು ಹೋದ ಮಳೆಗಾಲದ ನೀರು ಬಿಟ್ಟು ಹೋದದ್ದು."

ಅವರು ತುಂಬ ಹೊತ್ತು ಕತ್ತೆತ್ತಿ ನೋಡಿದರು. ಸಿಮೆಂಟು ಕೊಡಿಸುವ ಜವಾಬ್ದಾರಿ ಅಧಿಕಾರಿಯದು, ಕಲ್ಲು ಮತ್ತು ಕೂಲಿ ಊರವರದು ಎಂದು ತೀರ್ಮಾನವಾಯಿತು. ಶ್ರಮದಾನ ಎಂಬ ಶಬ್ದ ಆಗ ಎಲ್ಲರ ಬಾಯಲ್ಲಿತ್ತು, ದಾನ ಮಾಡುವ ಶ್ರಮ ಮಾತ್ರ ಹೆಚ್ಚಾಗಿ ಕಾಣುತ್ತಿರಲಿಲ್ಲ. ಅಕ್ಕ ಮನೆಮನೆಗೆ ಹೋಗಿ ಜನ ಕರೆತಂದಳು. ಗಂಡಸರು ಕೆಂಪು ಕಲ್ಲು ಹೊತ್ತರು, ಹೆಂಗಸರು ಹೊಯಿಗೆ, ಅಂದರೆ ಮರಳು, ಹೊತ್ತರು. ಸಭೆಯಲ್ಲಿ ನಕ್ಕಿದ್ದ ಯಜಮಾನರು ಎತ್ತಿನ ಗಾಡಿ ಕಳಿಸಿದರು, ಕೊನೆಗೆ ತಾವೂ ಬಂದು ನಿಂತರು. ಮಳೆ ಬೀಳುವ ಮೊದಲು ಕೆಲಸ ಮುಗಿಯಿತು.

ಅಲ್ಲಿಗೆ ಅಕ್ಕನ ಹಟ ಈಡೇರಿತೆಂದು ನಾನು ಅಂದುಕೊಂಡಿದ್ದೆ. ಅವಳು ಹಾಗೆ ಅಂದುಕೊಂಡಿರಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಗಿ ಕೆಲವು ದಿನವಾಗಿತ್ತು. ಬೆಳಗಿನಿಂದ ಒಂದೇ ಸಮನೆ ಮಳೆ. ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಬಾಗಿಲಲ್ಲಿ ನೆರಳಾಯಿತು. ನೋಡಿದರೆ ಅಕ್ಕ, ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಓಲೆ ಕೊಡೆ. ಹಿಂದೆ ಅವಳ ಮಗಳು. ಮಗಳ ಹಿಂದೆ ನಮ್ಮ ಮನೆ ಕಡೆಯ ದಡದ ಹುಡುಗಿಯರ ಒಂದು ಹಿಂಡು. ಕೆಲವರು ಶಾಲೆ ಬಿಟ್ಟು ಎರಡು ಮೂರು ವರ್ಷವಾಗಿ, ಲಂಗದ ಅಂಚು ಬಿಡಿಸಿ ಉದ್ದ ಮಾಡಿಕೊಂಡವರು. ಒಬ್ಬಳ ಕಂಕುಳಲ್ಲಿ ತಮ್ಮನಿದ್ದ. ಮಗು ನೋಡುವವರಿಲ್ಲ ಎಂದು ಮನೆಯವರು ತಡೆದಿರಬೇಕು, ಅಕ್ಕ ಮಗುವನ್ನೂ ಸೇರಿಸಿಯೇ ಹೊರಡಿಸಿದ್ದಳು.

ಹುಟ್ಟಿದಂದಿನಿಂದ ನನ್ನನ್ನು "ಏ" ಎಂದು ಕರೆದವಳು ಹೊಸ್ತಿಲ ಆಚೆಯೇ ನಿಂತು ಕೈಮುಗಿದಳು.

"ಮಾಸ್ಟ್ರೇ, ಇವರಿಗೆ ಓದು ನಿಂತಲ್ಲಿಂದ ಮುಂದಕ್ಕೆ ಕಲಿಸ್ಬೇಕು."

ನಾನು ಕುರ್ಚಿಯಿಂದ ಎದ್ದೆ. ಎದ್ದದ್ದು ನನ್ನ ಅರಿವಿಗೇ ಬರಲಿಲ್ಲ. ನಮ್ಮ ಶಾಲೆಯಲ್ಲಿ ಮಾಸ್ಟ್ರು ಹಾಗೆ ಎದ್ದರೆಂದರೆ ಇನ್‌ಸ್ಪೆಕ್ಟರು ಬಂದರೆಂದೇ ಲೆಕ್ಕ. ಮಕ್ಕಳೆಲ್ಲ ದಡಬಡನೆ ಎದ್ದು ಕೈಕಟ್ಟಿ, ಕೆಸರುಗಾಲಿನ ನನ್ನ ಅಕ್ಕನಿಗೆ ಒಂದೇ ಸ್ವರದಲ್ಲಿ "ನಮಸ್ತೇ ಸಾರ್" ಎಂದು ಕೂಗಿದರು.